ಉಡಿಯ ಬೀಜ, ಉತಾರದ ಹೆಸರು: ಮುನವಳ್ಳಿ ಸೀಮೆಯಲ್ಲಿ ನಾಲ್ಕು ದಿನ

ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವ ಭಕ್ತರು ಲೆಕ್ಕಕ್ಕೆ ಸಿಗರು. ಆದರೆ ಗುಡ್ಡದಿಂದ ಬಹಳ ದೂರವಿಲ್ಲದ ಮುನವಳ್ಳಿಯಲ್ಲಿ ಇಳಿದು, ನಾಲ್ಕು ದಿನ ನಿಂತು ನೋಡಿದವರು ವಿರಳ. ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ತಡೆದು ನಿಂತ ಮಲಪ್ರಭೆಯು ಅಲ್ಲಿಂದ ಹೊರಬಿದ್ದ ಮೇಲೆ ಹಾಯುವ ಮೊದಲ ದೊಡ್ಡ ಊರು ಇದು. ಮುಂದೆ ಹೊಳೆ ರಾಮದುರ್ಗದ ಕಡೆಗೆ ತಿರುಗುತ್ತದೆ. ಪಂಚಲಿಂಗೇಶ್ವರನ ಪುರಾತನ ದೇವಾಲಯ, ಸೇವುಣ ಅರಸರ ಕಾಲದ ಶಾಸನ, ಶಿಥಿಲವಾದ ಕೋಟೆ, ಶ್ರೀ ಸೋಮಶೇಖರ ಮಠ, ಸುತ್ತಲಿನ ಹಳ್ಳಿಗಳನ್ನೆಲ್ಲ ಸೆಳೆಯುವ ಸಂತೆ, ಇವು ಊರಿನ ಹೆಗ್ಗುರುತುಗಳು. 1800ನೆಯ ಇಸವಿಯ ಜುಲೈ 30ರಂದು ಇದೇ ಹೊಳೆಯ ದಂಡೆಯಲ್ಲಿ ಧೋಂಡಿಯಾ ವಾಘನ ದಂಡಿನ ಮೇಲೆ ಆರ್ಥರ್ ವೆಲ್ಲೆಸ್ಲಿ ಎರಗಿದನೆಂಬುದನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಹದಿನೈದು ವರ್ಷಗಳ ಅನಂತರ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ದೊರೆ ಈತನೇ.

ನಾವು ಹೋದದ್ದು ಕಾಳಗದ ಕುರುಹು ಹುಡುಕಲಿಕ್ಕಲ್ಲ. ಈ ಎರೆಯ ಸೀಮೆಯಲ್ಲಿ ಒಕ್ಕಲುತನಕ್ಕೆ ಹೊಸದೇನಾದರೂ ಬಂದಾಗ, ಅದು ಹೊಸ ಬೀಜವಿರಲಿ, ಕಾಲುವೆಯ ನೀರಿರಲಿ, ಯಂತ್ರವಿರಲಿ, ಮನೆಯ ಹೆಣ್ಣುಮಕ್ಕಳ ಪಾಲಿಗೆ ಏನು ಬಂತು, ಅವರ ಕೈಯಿಂದ ಏನು ಜಾರಿತು ಎಂಬುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಬಹುದಿನಗಳಿಂದ ಇದ್ದಿತು. ಸೀಗಿ ಹುಣ್ಣಿಮೆಯ ಆಸುಪಾಸಿನ ದಿನಗಳನ್ನೇ ಆರಿಸಿಕೊಂಡೆವು. ಹಿಂಗಾರಿ ಬಿತ್ತಿಗೆ ಆಗ ಭರದಲ್ಲಿರುತ್ತದೆ.

ಧಾರವಾಡದಿಂದ ಹೊರಟ ಬಸ್ಸಿನಲ್ಲಿ ಗಂಡಸರಿಗೆ ಕೂಡಲು ಜಾಗವಿರಲಿಲ್ಲ. 2023ರ ಜೂನ್ ತಿಂಗಳಿನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಷ್ಟೆ. ಯಾರದೋ ತವರಿನ ಪಯಣ, ಯಾರದೋ ಆಸ್ಪತ್ರೆ. ಆದರೆ ಹಿಂದಿನ ಸಾಲಿನಲ್ಲಿ ಬುತ್ತಿಯ ಗಂಟು, ಕುರ್ಪಿ ಹಿಡಿದು ಕುಳಿತ ಏಳೆಂಟು ಜನ ತಾಯಂದಿರು ಮೂರು ಊರಿನಾಚೆ ಕಸ ತೆಗೆಯಲು ಹೊರಟವರು. ಮೊದಲು ಬಸ್ಸಿನ ಖರ್ಚು ಕೂಲಿಯಲ್ಲಿ ಕಾಲುಭಾಗ ತಿನ್ನುತ್ತಿತ್ತೆಂದೂ ಈಗ ಕೂಲಿ ಹೆಚ್ಚು ಕೊಡುವ ಹೊಲವನ್ನು ತಾವೇ ಆರಿಸಬಹುದೆಂದೂ ಅವರಲ್ಲಿ ಹಿರಿಯಳೊಬ್ಬಳು ಹೇಳಿದಳು. ಕೃಷಿಯ ಹೊಸತನವೆಂದರೆ ಟ್ರ್ಯಾಕ್ಟರು, ರಸಗೊಬ್ಬರ ಎಂದು ನಾವು ತಿಳಿದಿರುತ್ತೇವೆ. ಬಸ್ಸೂ ಅದರಲ್ಲಿ ಒಂದೆಂದು ಯಾವ ಪುಸ್ತಕದಲ್ಲಿಯೂ ಓದಿದ ನೆನಪಿಲ್ಲ.

ಮರುದಿನ ಬೆಳಗಿನಲ್ಲಿ ಬೀಗರ ಹೊಲಕ್ಕೆ ನಡೆದೆವು. ಊರಲ್ಲಿ ಬಹುಪಾಲು ಬಿತ್ತಿಗೆ ಟ್ರ್ಯಾಕ್ಟರಿನ ಕೂರಿಗೆಯಿಂದಲೇ ಆಗುತ್ತದೆ. ಆದರೂ ಎತ್ತು ಉಳಿಸಿಕೊಂಡ ಮನೆಗಳು ಇನ್ನೂ ಇವೆ. ಪಕ್ಕದ ಹೊಲದಲ್ಲಿ ಯಜಮಾನ ಎತ್ತು ಹೊಡೆಯುತ್ತಿದ್ದ. ಸೊಸೆ ಉಡಿಯಲ್ಲಿ ಜೋಳ ತುಂಬಿಕೊಂಡು ಕೂರಿಗೆಯ ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಡುತ್ತಿದ್ದಳು. ಅತ್ತೆ ಹಗ್ಗ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಅಕ್ಕಡಿ ಸಾಲಿಗೆ ಕುಸುಬೆ ಬಿಡುತ್ತ ಹಿಂದಿನಿಂದ ಬರುತ್ತಿದ್ದಳು. ಬೀಜ ದಟ್ಟವಾದರೆ ತೇವ ಸಾಲದೆ ತೆನೆ ಸಣ್ಣದಾಗುತ್ತದೆ, ತೆಳುವಾದರೆ ನೆಲ ಬರಿದಾಗುತ್ತದೆ. ಈ ಅಳತೆ ಇರುವುದು ಯಾವ ಯಂತ್ರದಲ್ಲಿಯೂ ಅಲ್ಲ, ಆ ಸೊಸೆಯ ಐದು ಬೆರಳುಗಳಲ್ಲಿ. ಎತ್ತಿನ ಹೆಜ್ಜೆಗೂ ಬೆರಳಿನ ಸಡಿಲಿಕೆಗೂ ಇರುವ ಹೊಂದಿಕೆಯನ್ನು ನೋಡುತ್ತ ನಾವು ಬದುವಿನ ಮೇಲೆ ಬಹಳ ಹೊತ್ತು ನಿಂತೆವು.

ಬಿತ್ತಿಗೆ ಮುಗಿದು ಬನ್ನಿಗಿಡದ ನೆರಳಿಗೆ ಬಂದಾಗ ಅತ್ತೆಯವರನ್ನು ಕೇಳಿದೆವು:

“ಎಷ್ಟು ವರ್ಷ ಆತವ್ವಾ ನೀವು ಒಕ್ಕಲುತನ ಮಾಡಾಕಹತ್ತಿ?”

“ನಾ ಎಲ್ಲಿ ಒಕ್ಕಲತನ ಮಾಡತೀನ್ರೀ? ಅದು ಅವರು ಮಾಡತಾರ. ನಾ ಬರೇ ಹೊಲಕ್ಕ ಬರತೀನಿ.”

ಮದುವೆಯಾಗಿ ನಲವತ್ತು ವರ್ಷ ಹಿಂಗಾರಿಯ ಬೀಜ ಬಿಟ್ಟ ಕೈಯವಳ ಮಾತಿದು. ಆಕೆ ವಿನಯಕ್ಕೆ ಹೇಳಿದ್ದಲ್ಲ. ನಿಜವೆಂದೇ ನಂಬಿ ಹೇಳಿದಳು. ನಮ್ಮ ನಾಲ್ಕು ದಿನಗಳ ಪ್ರವಾಸದ ಮೇಲೆಲ್ಲ ಆ ಮಾತಿನ ನೆರಳು ಬಿದ್ದಿತು.

ರೊಟ್ಟಿಯ ವಿಚಾರವನ್ನು ಇಲ್ಲಿಯೇ ಹೇಳಬೇಕು. ಆ ಹೊಲಕ್ಕೆ ಬಿದ್ದ ಜೋಳ ಎಂ 35-1, ಅಂದರೆ ಮಾಲದಂಡಿ. ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ತಳಿ. ನಮ್ಮ ದೇಶದ ಮೊದಲ ಸಂಕರ ಜೋಳ ಸಿ.ಎಸ್.ಎಚ್.-1 ಹೊರಬಂದದ್ದು 1964ರಲ್ಲಿ; ಆ ಮೇಲೆ ಹೆಚ್ಚು ಇಳುವರಿಯ ತಳಿಗಳು ಒಂದರ ಹಿಂದೊಂದು ಬಂದವು. ಮುಂಗಾರಿಯಲ್ಲಿ ಅವು ನೆಲೆಯೂರಿದವು, ಹಿಂಗಾರಿಯಲ್ಲಿ ಮಾಲದಂಡಿಯನ್ನು ಅಲುಗಿಸಲಾರದೆ ಹೋದವು. ಒಣ ನೆಲದಲ್ಲಿ ತಾಳಿಕೊಳ್ಳುವ ಗುಣವೂ ದನಕ್ಕೆ ಒಳ್ಳೆಯ ಕಣಿಕೆಯೂ ಇದಕ್ಕೆ ಕಾರಣ, ನಿಜ. ಆದರೆ ಇನ್ನೊಂದು ಕಾರಣ ಕೊಣಮಿಗೆಯಲ್ಲಿದೆ. ಹಿಟ್ಟಿಗೆ ಜಿಗುಟು ಬರಬೇಕು, ತಟ್ಟಿದರೆ ಅಂಚು ಒಡೆಯಬಾರದು, ಹೆಂಚಿನ ಮೇಲೆ ಉಬ್ಬಬೇಕು, ಸಂಜೆಗೂ ಮೆತ್ತಗಿರಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಜೋಳವನ್ನು ಮನೆಯ ಯಜಮಾನಿ ಮರುವರ್ಷ ಬಿತ್ತಗೊಡಲಿಲ್ಲ. ಸಂಶೋಧನಾ ಕೇಂದ್ರಗಳು ಎಕರೆಗೆ ಎಷ್ಟು ಕ್ವಿಂಟಲ್ ಎಂದು ತೂಗುತ್ತಿದ್ದ ದಿನಗಳಲ್ಲಿ ರೊಟ್ಟಿ ಬಡಿಯುವ ಕೈಯನ್ನು ಕೇಳುವ ಪದ್ಧತಿ ಇರಲಿಲ್ಲ. ಈಗ ತಳಿ ತೆಗೆಯುವವರು ರೊಟ್ಟಿಯ ಗುಣವನ್ನೂ ಅಳೆಯುತ್ತಾರೆ. ಮೊದಲೇ ಕೇಳಿದ್ದರೆ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತಿತ್ತೆಂದು ನಮಗೆ ಅನ್ನಿಸುತ್ತದೆ.

ಬೀಜ ಕಾಯುವ ವಿದ್ಯೆಯೂ ಹಾಗೆಯೇ. ಕಣದಲ್ಲಿ ತುಂಬಿದ ತೆನೆಗಳನ್ನು ಬೇರೆ ತೆಗೆದು ಕಟ್ಟುವುದು, ಕಾಳಿಗೆ ಬೂದಿ ಸವರುವುದು, ಬೇವಿನ ಸೊಪ್ಪು ಹಾಕಿ ಗಡಿಗೆಯ ಬಾಯಿಗೆ ಸೆಗಣಿ ಮೆತ್ತುವುದು, ಎಲ್ಲವೂ ಅತ್ತೆಯಿಂದ ಸೊಸೆಗೆ ಬಂದ ಬಳುವಳಿ. ಕಡಲೆಯ ಕುಡಿ ಚಿವುಟುವುದನ್ನು ಬಲ್ಲಿರಿ. ತಿಂಗಳ ಪೈರಿನ ಕುಡಿಯನ್ನು ಪಲ್ಯಕ್ಕೆಂದು ಹೆಂಗಸರು ಚಿವುಟಿ ತರುತ್ತಾರೆ. ಚಿವುಟಿದಲ್ಲಿ ಟಿಸಿಲೊಡೆದು ಗಿಡ ಹೆಚ್ಚು ಕಾಯಿ ಹಿಡಿಯುತ್ತದೆ. ಇಂದು ಕೃಷಿ ವಿಜ್ಞಾನಿಗಳು ಇದನ್ನೇ ಬೇಸಾಯ ಕ್ರಮವಾಗಿ ಶಿಫಾರಸು ಮಾಡುತ್ತಾರೆ.

ಇನ್ನು ಹತ್ತಿ. ಬೈಲಹೊಂಗಲದ ಹತ್ತಿ ಪೇಟೆಯ ಹೆಸರನ್ನು ಕೇಳದವರುಂಟೇ? ಆ ಪೇಟೆಯ ಹಾದಿಯಲ್ಲಿ ಬಿಳಿಯ ಗಂಟುಗಳನ್ನು ಹೇರಿಕೊಂಡ ವಾಹನಗಳನ್ನು ನೋಡುತ್ತ ನಮಗೆ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ಡಾ. ಬಿ.ಎಚ್. ಕಟರ್ಕಿಯವರ ನೆನಪಾಯಿತು. 1970ರಲ್ಲಿ ಸೂರತ್ತಿನಿಂದ ಸಿ.ಟಿ. ಪಟೇಲರ ಎಚ್-4 ಬಂತು. ಅದು ಜಗತ್ತಿನಲ್ಲಿಯೇ ವ್ಯಾಪಾರಕ್ಕೆ ಬಂದ ಮೊದಲ ಸಂಕರ ಹತ್ತಿ. 1972ರಲ್ಲಿ ಕಟರ್ಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ಕೊಟ್ಟರು. 1981ರಲ್ಲಿ ಡಿ.ಸಿ.ಎಚ್.-32 ಬಂತು, ರೈತರ ಬಾಯಲ್ಲಿ ‘ಜಯಲಕ್ಷ್ಮಿ’. ಉದ್ದನೆಯ ಎಳೆಯ ಆ ಹತ್ತಿ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಹಂಚು ಹೊದಿಸಿತು, ಎಷ್ಟೋ ಮಕ್ಕಳನ್ನು ಓದಿಸಿತು.

ಬೀಜಕ್ಕೆ ಲಕ್ಷ್ಮಿಯ ಹೆಸರಿಟ್ಟದ್ದು ಸರಿ. ಆ ಬೀಜ ಹುಟ್ಟುವುದು ಹೇಗೆಂದು ಬಲ್ಲವರು ಕಡಿಮೆ. ಸಂಕರ ಬೀಜದ ಹೊಲದಲ್ಲಿ ಹೆಣ್ಣು ಸಾಲು, ಗಂಡು ಸಾಲು ಬೇರೆ ಬೇರೆ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳು, ಕೇಸರಗಳನ್ನು ಒಂದೇ ಸುತ್ತಿಗೆ ಬಿಡಿಸಿ ತೆಗೆಯಬೇಕು. ಒಳಗಿನ ಶಲಾಕೆಗೆ ಉಗುರು ತಾಗಿದರೆ ಕಾಯಿ ಕಟ್ಟದು. ಕೇಸರದ ಒಂದು ಚೂರು ಉಳಿದರೆ ಬೀಜ ಕಲಬೆರಕೆ. ಗುರುತಿಗೆ ಬಣ್ಣದ ಕಾಗದ ಸಿಕ್ಕಿಸಿ, ಮರುದಿನ ಬೆಳಗಿನಲ್ಲಿ ಗಂಡು ಹೂವನ್ನು ತಂದು ಪರಾಗ ಸವರಬೇಕು. ಹೀಗೆ ದಿನಕ್ಕೆ ನೂರಾರು ಹೂ, ಎರಡು ಮೂರು ತಿಂಗಳು. ಧಾರವಾಡ, ಹಾವೇರಿ, ಗದಗ, ಕೊಪ್ಪಳ ಸೀಮೆಗಳಲ್ಲಿ ‘ಕ್ರಾಸಿಂಗ್’ ಎಂದೇ ಜನ ಕರೆಯುವ ಈ ಕೆಲಸ ನಡೆದದ್ದು ಹೆಂಗಸರ ಮತ್ತು ಹೆಣ್ಣುಹುಡುಗಿಯರ ಬೆರಳುಗಳಿಂದ. ‘ಅವರ ಬೆರಳು ಸಣ್ಣ, ಬಾಗಿದರೆ ಬೇಗ ದಣಿಯರು’ ಎಂದು ಬೀಜದ ಗುತ್ತಿಗೆದಾರರು ಹೊಗಳುತ್ತಿದ್ದರು. ಹೊಗಳಿ ಕಡಿಮೆ ಕೂಲಿ ಕೊಡುತ್ತಿದ್ದರು. ಎಷ್ಟೋ ಹುಡುಗಿಯರು ಆ ಮೂರು ತಿಂಗಳು ಶಾಲೆಗೆ ಬಾರದೆ, ಮರುವರ್ಷ ಶಾಲೆಯನ್ನೇ ಬಿಟ್ಟರು. ತಳಿಯನ್ನು ಕಂಡುಹಿಡಿದವರ ಕೀರ್ತಿ ನಿಜವಾದದ್ದೇ. ಆದರೆ ಕೋಟಿಗಟ್ಟಲೆ ಹೂಗಳನ್ನು ಕೈಯಾರೆ ಮುಟ್ಟಿ ಅದನ್ನು ಹೊಲಗಳಿಗೆ ತಲುಪಿಸಿದವರ ಹೆಸರು ಯಾವ ಚೀಲದ ಮೇಲೂ ಅಚ್ಚಾಗಲಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕು ಬಿತ್ತುವ ಬೀಜ ಬದಲಾಯಿತು. ಬೀಜ ಮಾಡುವ ಬೆರಳು ಬದಲಾಗಲಿಲ್ಲ.

ಮೂರನೆಯ ದಿನ ಹೊಳೆಯ ದಂಡೆಗುಂಟ ನಡೆದೆವು. ನವಿಲುತೀರ್ಥದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು ಕಾಲುವೆಗಳಿಗೆ ನೀರು ಬಂದಾಗ ಇಡೀ ಸೀಮೆ ಹಬ್ಬ ಮಾಡಿತು. ನೀರಿನ ಜೊತೆಗೆ ಕರವೂ ಬಂದು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ನೆತ್ತರು ಹರಿದದ್ದು ನಾಡಿಗೆಲ್ಲ ಗೊತ್ತು. ಮುನವಳ್ಳಿಯ ಸುತ್ತ ಈಗ ಕಬ್ಬು ಎದೆಯುದ್ದಕ್ಕೆ ನಿಂತಿದೆ. ಇಲ್ಲಿಯ ಸಕ್ಕರೆ ಕಾರ್ಖಾನೆಯ ಕಥೆ ಸ್ವಾರಸ್ಯದ್ದು. ಬೆಳಗಾವಿಯ ಗೃಹಿಣಿಯಾಗಿದ್ದು ಉದ್ಯಮಕ್ಕಿಳಿದ ವಿದ್ಯಾ ಮುರಕುಂಬಿಯವರು ಮಗ ನರೇಂದ್ರರೊಡನೆ 1998ರಲ್ಲಿ ಶ್ರೀ ರೇಣುಕಾ ಶುಗರ್ಸ್ ಕಟ್ಟಿದರು. ಆಂಧ್ರದ ಹಿಂದೂಪುರದಲ್ಲಿದ್ದ ಸರಕಾರಿ ಕಾರ್ಖಾನೆಯೊಂದರ ಯಂತ್ರಗಳನ್ನು ಕೊಂಡು, ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದರು. ಕಬ್ಬು ಬೆಳೆಯುವವರಿಗೂ ಶೇರು ಕೊಟ್ಟರು. 2018ರಲ್ಲಿ ಕಂಪನಿಯ ಹಿಡಿತ ಸಿಂಗಾಪುರದ ವಿಲ್ಮಾರ್ ಸಂಸ್ಥೆಗೆ ಹೋಯಿತು. ಹೆಣ್ಣುಮಗಳೊಬ್ಬಳು ಕಟ್ಟಿದ ಕಾರ್ಖಾನೆಯೆಂಬುದು ನಮಗೂ ಹೆಮ್ಮೆ.

ಆದರೆ ಹೊಲದಲ್ಲಿ ಕಬ್ಬು ಗಂಡಸಿನ ಬೆಳೆ. ಸಹಿ ಆತನದು, ಬಿಲ್ಲು ಜಮೆಯಾಗುವುದು ಆತನ ಖಾತೆಗೆ. ಜೋಳದ ಹೊಲದಲ್ಲಿ ಅಕ್ಕಡಿಯ ಸಾಲಿತ್ತು; ಕುಸುಬೆ, ಅಗಸೆ, ಗುರೆಳ್ಳು, ಅಲಸಂದಿ, ಬದುವಿನಲ್ಲಿ ಪುಂಡಿಪಲ್ಲೆ. ಅಕ್ಕಡಿಯ ಕಾಳು ಹೆಣ್ಣಿನದೆಂಬುದು ಬರೆಯದ ಕಾನೂನು. ಅದರಿಂದ ಚಟ್ನಿಯೂ ಆಗುತ್ತಿತ್ತು, ಸಂತೆಯಲ್ಲಿ ಅಳೆದುಕೊಟ್ಟು ಬಂದ ಚಿಲ್ಲರೆಯಲ್ಲಿ ಮಗಳಿಗೆ ಬಳೆಯೂ ಬರುತ್ತಿತ್ತು. ಕಬ್ಬಿನಲ್ಲಿ ಅಕ್ಕಡಿಯಿಲ್ಲ. ಎಕರೆಗೆ ಬರುವ ಹಣ ಹೆಚ್ಚಾಯಿತು, ಮನೆಗೆ ದ್ವಿಚಕ್ರ ವಾಹನ ಬಂತು. ಎಣ್ಣೆ ಅಂಗಡಿಯಿಂದ ಬರತೊಡಗಿತು, ಬೇಳೆಯೂ ಅಂಗಡಿಯಿಂದ. “ಮೊದಲ ನಮ್ಮ ಕೈಯಾಗ ರೊಕ್ಕ ಸಣ್ಣದಿತ್ತರಿ, ಆದರ ನಮ್ಮದಿತ್ತು. ಈಗ ದೊಡ್ಡದೈತಿ, ಕೇಳಿ ಇಸಕೋಬೇಕು” ಎಂದು ದಂಡೆಯ ಹೊಲದ ತಾಯಿಯೊಬ್ಬಳು ನಮ್ಮೆದುರು ನಕ್ಕಳು. ಪಕ್ಕದಲ್ಲಿದ್ದ ಗಂಡನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ. ಪಶ್ಚಿಮ ಆಫ್ರಿಕೆಯ ಗ್ಯಾಂಬಿಯಾ ದೇಶದಲ್ಲಿ ಭತ್ತ ತಲೆಮಾರುಗಳಿಂದ ಹೆಂಗಸರ ಬೆಳೆ. ಹೊಳೆಯ ಜೌಗಿನಲ್ಲಿ ನಾಟಿಯಿಂದ ಒಕ್ಕಣೆಯವರೆಗೆ ಅವರದೇ ಕಾರುಬಾರು. 1980ರ ದಶಕದಲ್ಲಿ ಜಹಾಲಿ ಪಚಾರ್ ಎಂಬಲ್ಲಿ ವಿದೇಶೀ ನೆರವಿನಿಂದ ನೀರಾವರಿ ಬಂತು. ಗದ್ದೆ ಹೆಂಗಸರ ಹೆಸರಿಗೇ ಆಗಬೇಕೆಂದು ಯೋಜಕರು ಬಯಸಿದ್ದರು; ಕೊನೆಗೆ ಹಿಡಿತ ಮನೆಯ ಗಂಡಸರ ಕೈ ಸೇರಿತು, ದುಡಿಮೆ ಮಾತ್ರ ಹೆಂಗಸರದೇ ಉಳಿಯಿತು. ಅನೇಕರು ಆ ಗದ್ದೆಗಳಲ್ಲಿ ದುಡಿಯಲೊಲ್ಲೆವೆಂದು ಹಟ ಹಿಡಿದರು. ಮಲಪ್ರಭೆಗೂ ಗ್ಯಾಂಬಿಯಾ ನದಿಗೂ ಎತ್ತಣಿಂದೆತ್ತ ಸಂಬಂಧ! ಆದರೂ ಎರಡರ ಕಾಲುವೆಗಳೂ ಒಂದೇ ಮನೆಯ ಅಂಗಳದಲ್ಲಿ ಹರಿದಂತೆ ನಮಗೆ ತೋರಿತು.

ಯಂತ್ರಗಳ ಬಗ್ಗೆ ಎರಡು ಮಾತು ಸಾಕು. ಗಂಡಸು ಮಾಡುತ್ತಿದ್ದ ಗಳೆಯ ಕೆಲಸಕ್ಕೆ ಟ್ರ್ಯಾಕ್ಟರು ಬಂದಾಗ ಆತ ಅದರ ಚಾಲಕನಾದ. ಹೆಣ್ಣು ಮಾಡುತ್ತಿದ್ದ ಕಸ ತೆಗೆಯುವ ಕೆಲಸಕ್ಕೆ ಕಳೆನಾಶಕ ಬಂದಾಗ, ಕೊಯ್ಲಿಗೆ ರಾಶಿ ಯಂತ್ರ ಬಂದಾಗ ಆಕೆ ಮನೆಗೆ ಹೋದಳು. ಹತ್ತಿ ಬಿಡಿಸುವುದೊಂದು ಇನ್ನೂ ಕೈಯಲ್ಲಿದೆ, ಅದೂ ತೂಕದ ಕೂಲಿ.

ಊರಿಗೆ ಮರಳಿ, ಸಂಜೆ ಕಟ್ಟೆಯ ಮೇಲೆ ಹಿರಿಯರೊಡನೆ ಕುಳಿತಾಗ ಮಾತು ಉತಾರಕ್ಕೆ ತಿರುಗಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿದ ದಿನಗಳನ್ನು ಅವರು ನೆನೆದರು. ಮನೆ ಬಿದ್ದವು, ಬೆಳೆ ಕೊಳೆಯಿತು, ಎರೆಯ ಮೇಲೆ ಉಸುಕು ಕೂತಿತು. ಪರಿಹಾರದ ಪಟ್ಟಿ ಬರೆಯುವಾಗ ಕೇಳಿದ ಮೊದಲ ಪ್ರಶ್ನೆ, ‘ಉತಾರ ಯಾರ ಹೆಸರಿನಲ್ಲಿದೆ?’ ಗಂಡ ತೀರಿಕೊಂಡು ವರ್ಷಗಳಾದರೂ ಮಾವನ ಹೆಸರಿನಲ್ಲಿಯೇ ಉಳಿದ ಹೊಲವನ್ನು ಒಬ್ಬಳೇ ಸಾಗಿಸುತ್ತಿದ್ದ ಹೆಣ್ಣುಮಕ್ಕಳು ಆ ಪ್ರಶ್ನೆಗೆ ಏನು ಹೇಳಬೇಕು? ಅದೇ ವರ್ಷ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿಯೂ ಭೂಮಿಯ ಹೆಸರಿಗೇ ಬರುವುದು. ಬೆಳೆಸಾಲ, ಕೊಳವೆಬಾವಿಯ ಅರ್ಜಿ, ಹನಿ ನೀರಾವರಿಯ ಸಹಾಯಧನ, ಎಲ್ಲ ಬಾಗಿಲುಗಳಿಗೂ ಅದೊಂದೇ ಕೀಲಿಕೈ. ಆ ಕೀಲಿಕೈ ಇಲ್ಲದವಳಿಗೆ ಹೊಸ ಬೀಜದ ವಿಚಾರವನ್ನು ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಬಂದ ದಾರಿಗೆ ಸುಂಕವಿಲ್ಲ.

2015-16ರ ಕೃಷಿ ಗಣತಿಯಂತೆ ದೇಶದ ಪ್ರತಿ 100 ಸಾಗುವಳಿದಾರರಲ್ಲಿ ಹೆಂಗಸರು ಸುಮಾರು 14 ಮಾತ್ರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯು ಅಭಿವೃದ್ಧಿಶೀಲ ದೇಶಗಳ ಕೃಷಿ ದುಡಿಮೆಗಾರರಲ್ಲಿ ಶೇಕಡಾ 43ರಷ್ಟು ಹೆಂಗಸರೆಂದು ಲೆಕ್ಕ ಹಾಕಿತು. ಗಂಡಸರಿಗೆ ಸಿಗುವಷ್ಟೇ ಬೀಜ, ಗೊಬ್ಬರ, ಸಾಲ, ನೆಲ ಅವರಿಗೂ ಸಿಕ್ಕರೆ ಅವರ ಹೊಲಗಳ ಇಳುವರಿ ಶೇಕಡಾ 20ರಿಂದ 30ರಷ್ಟು ಏರೀತು, ಜಗತ್ತಿನ ಹಸಿದವರಲ್ಲಿ 10ರಿಂದ 15 ಕೋಟಿ ಜನರ ಹಸಿವು ನೀಗೀತು ಎಂಬುದು ಅದರ ಅಂದಾಜು. 2026ನ್ನು ಮಹಿಳಾ ರೈತರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ 2024ರಲ್ಲಿಯೇ ಸಾರಿತು.

ಕಾನೂನು ಹಿಂದೆ ಬಿದ್ದಿಲ್ಲ. 1994ರ ಜುಲೈ 30ರಿಂದ ನಮ್ಮ ರಾಜ್ಯ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಗನ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಮುಗಿದ ವಾಟ್ನಿಗಳಿಗೆ ಮಾತ್ರ ಇದು ತಾಗದು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ತಂದೆಯ ಪುಣ್ಯಸ್ಮರಣೆಯ ಮರುದಿನ ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟೊತ್ತಿಸಿ, ಸೀರೆ ಕುಪ್ಪಸ ಉಡಿಸಿ ಬಸ್ಸು ಹತ್ತಿಸುವುದು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ಒತ್ತುತ್ತಾರೆ. ಆಯ್ದಕ್ಕಿ ಲಕ್ಕಮ್ಮನ ಕಾಯಕನಿಷ್ಠೆಯನ್ನು ಉಪನ್ಯಾಸಗಳಲ್ಲಿ ಕೊಂಡಾಡುವ ನಾವು ಈ ಕಚೇರಿಯ ಮೆಟ್ಟಿಲನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ಕಟ್ಟೆಯ ಹಿರಿಯರಲ್ಲಿ ಒಬ್ಬರು, “ಹೊಲ ಚೂರಾಕ್ಕಾವಲ್ರೀ, ಎರಡು ಎಕರೆದಾಗ ಏನು ಬೆಳೀಬೇಕು?” ಎಂದರು. ಮಾತಿನಲ್ಲಿ ಹುರುಳಿದೆ. ಆದರೆ ನಾಲ್ವರು ಗಂಡುಮಕ್ಕಳಿದ್ದಾಗ ಹೊಲ ಚೂರಾಗುವುದೆಂದು ಯಾರೂ ಹಕ್ಕು ಬಿಡಿಸಿಕೊಂಡದ್ದನ್ನು ನಾವು ಕೇಳಿಲ್ಲ.

ಎರಡೆಕರೆಯಲ್ಲಿ ಏನು ಬೆಳೆಯಬಹುದೆಂಬುದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಹದಿನೈದು ಜನ ಹೆಂಗಸರು ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ನವಣೆ, ಸಾವೆ ಮೊದಲಾದ ಸಿರಿಧಾನ್ಯಗಳನ್ನು ಮರಳಿ ಹೊಲಕ್ಕೆ ತಂದರು. ಬೀಜ ಬ್ಯಾಂಕು ಮಾಡಿ ಸುತ್ತಲಿನ ಊರುಗಳಿಗೆ ಬೀಜ ಹಂಚಿದರು. ಧಾನ್ಯ ಸಂಸ್ಕರಣೆಯ ಘಟಕವನ್ನೂ ತಾವೇ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು. ಗಡಿಗೆಯ ಬಾಯಿಗೆ ಸೆಗಣಿ ಮೆತ್ತುವ ಆ ಹಳೆಯ ವಿದ್ಯೆಯೇ ಅಲ್ಲಿ ಬೀಜ ಬ್ಯಾಂಕಾಗಿ ನಿಂತಿತೆಂದು ನಮ್ಮ ಭಾವನೆ.

ಹುಣ್ಣಿಮೆಯ ದಿನ ಚರಗ ಚೆಲ್ಲಲು ಎಲ್ಲರೊಡನೆ ಹೊರಟೆವು. ಫಲ ಹೊತ್ತ ಭೂಮಿತಾಯಿಗೆ ಬಸುರಿಯ ಬಯಕೆ ತೀರಿಸುವ ಹಬ್ಬವಿದು. ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆಯಾಗಿ, ಕಡುಬು, ಹೋಳಿಗೆ, ಸಜ್ಜಿರೊಟ್ಟಿ, ಪುಂಡಿಪಲ್ಲೆಗಳ ಎಡೆ ನಾಲ್ಕು ದಿಕ್ಕಿಗೂ ಬಿದ್ದಿತು. ಊಟಕ್ಕೆ ಕುಳಿತಾಗ ಪಕ್ಕದ ಹೊಲದ ಹೆಣ್ಣುಮಗಳೊಬ್ಬಳ ಪರಿಚಯವಾಯಿತು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳೊಡನೆ ತವರಿಗೆ ಬಂದವಳು. ಹಕ್ಕು ಬಿಡಿಸಿಕೊಳ್ಳಲು ಕಾಗದ ಬರೆಸಿ ತಂದಿದ್ದ ಅಣ್ಣನೇ ಕೊನೆಗೆ ಅದನ್ನು ಹರಿದುಹಾಕಿ, ಎರಡೂವರೆ ಎಕರೆಯನ್ನು ಆಕೆಯ ಹೆಸರಿಗೆ ವಾಟ್ನಿ ಮಾಡಿಕೊಟ್ಟನಂತೆ. ಒಂದೂವರೆ ಎಕರೆಗೆ ಕಬ್ಬು ಇಟ್ಟು, ಒಂದು ಎಕರೆಯನ್ನು ಜೋಳಕ್ಕೂ ಅಕ್ಕಡಿಗೂ ಬಿಟ್ಟಿದ್ದಾಳೆ. ಮೊದಲ ವರ್ಷ ಅಣ್ಣ, “ಕಬ್ಬಿನ ರೊಕ್ಕ ಬಿಟ್ಟು ಕುಸುಬಿ ಬಿತ್ತತಾಳ” ಎಂದು ನಗಾಡಿದ್ದನಂತೆ. ಈ ವರ್ಷ ಬಿತ್ತಿಗೆಯ ಮೊದಲು ಅತ್ತಿಗೆ ಖಾಲಿ ಗಡಿಗೆ ಹಿಡಿದು ಬೀಜಕ್ಕೆ ಬಂದಿದ್ದಳು.

“ಕೊಟ್ಟಿರೇನವ್ವಾ?”

“ಕೊಟ್ಟೇನ್ರಿ. ಒಂದಕ್ಕ ಒಂದೂವರಿ ತಿರುಗಿ ಕೊಡಬೇಕಂತ ಹೇಳಿ ಕೊಟ್ಟೇನಿ. ಆಕೀಗೂ ಒಂದು ಸಾಲ ಅಕ್ಕಡಿ ಬ್ಯಾರೆ ಇರಲಿ.”

ಹನಿ ನೀರಾವರಿಗೆ ಅರ್ಜಿ ಹಾಕಿದ್ದಾಳೆ, ತನ್ನದೇ ಹೆಸರಿನಲ್ಲಿ. ಕಾಗದದ ಪ್ರತಿಯನ್ನು ಕುಸುಬೆಯ ಗಡಿಗೆಯ ಪಕ್ಕದಲ್ಲಿಯೇ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾಳಂತೆ. ಮಂಜೂರಾಗಿ ಬಂದರೆ ಬದುವಿಗೆ ನುಗ್ಗೆ ಹಚ್ಚುವ ವಿಚಾರವಿದೆ.